ಘೋಷಣೆಯ ಆಚೆಗೊಂದು ಕೂಗು

ಪಂಕ್ ಅಂದರೆ ಗದ್ದಲ, ಹರಿದ ಬಟ್ಟೆ, ಕಿವಿಗೆ ಚುಚ್ಚಿಕೊಂಡ ಪಿನ್ನು, ಅಷ್ಟೇ ಅಂತ ತಿಳಿದವರು ಬಹಳ. ಬಂಡಾಯದ ಬರವಣಿಗೆ ಅಂದರೆ ಬರೀ ಘೋಷಣೆ ಅಂತ ಮೂಗು ಮುರಿಯುವವರ ಧಾಟಿಯೂ ಇದೇ. ಹಾಗಾಗಿ ಈ ಆಪಾದನೆ ನಮಗೆ ಹೊಸದಲ್ಲ. ಲಂಡನ್ನಿನ ಎಕ್ಸ್-ರೇ ಸ್ಪೆಕ್ಸ್ ತಂಡ 1978ರ ನವೆಂಬರಿನಲ್ಲಿ ಹೊರತಂದ 'ಜರ್ಮ್‌ಫ್ರೀ ಅಡೊಲೆಸೆಂಟ್ಸ್' ಎಂಬ ಧ್ವನಿಮುದ್ರಿಕೆಯನ್ನು ಕೇಳುತ್ತಾ ನಾವು ಆ ಆಪಾದನೆಯನ್ನು ಇನ್ನೊಮ್ಮೆ ತೂಗಿ ನೋಡಿದೆವು. 'ಕ್ರಿಮಿಯಿಲ್ಲದ ಹರೆಯದವರು' ಎಂದು ಈ ಹೆಸರನ್ನು ಕನ್ನಡದಲ್ಲಿ ಹೇಳಬಹುದು.

ಈ ಹಾಡುಗಳನ್ನು ಬರೆದು ಹಾಡಿದವಳು ಪಾಲಿ ಸ್ಟೈರೀನ್. 1957ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಮೇರಿಯಾನ್ ಎಲಿಯಟ್. ತಾಯಿ ಬಿಳಿಯಾಕೆ, ತಂದೆ ಸೊಮಾಲಿಯಾದವನು. ತಾಯಿಯ ಆಸರೆಯಲ್ಲಿ ಬ್ರಿಕ್ಸ್‌ಟನ್ನಿನಲ್ಲಿ ಬೆಳೆದವಳು. ಹದಿನೈದಕ್ಕೇ ಮನೆ ಬಿಟ್ಟವಳು. 1976ರಲ್ಲಿ, ತನಗೆ ಹತ್ತೊಂಬತ್ತು ತುಂಬಿದ ದಿನ, ಸೆಕ್ಸ್ ಪಿಸ್ಟಲ್ಸ್ ತಂಡದ ಹಾಡು ಕೇಳಿದಳು. 'ಇವರು ಹಾಡಬಹುದಾದರೆ ನಾನೇಕೆ ಹಾಡಬಾರದು?' ಅನ್ನಿಸಿರಬೇಕು. ಪತ್ರಿಕೆಗೆ ಜಾಹೀರಾತು ಕೊಟ್ಟು ಹುಡುಗರನ್ನು ಕೂಡಿಸಿ ತಂಡ ಕಟ್ಟಿದಳು. ಸ್ಯಾಕ್ಸೊಫೋನ್ ಊದಲು ಬಂದ ಲೋರಾ ಲಾಜಿಕ್ ಇನ್ನೂ ಹದಿನಾರರ ಹುಡುಗಿ.

ಆಕೆ ಆರಿಸಿಕೊಂಡ ಹೆಸರು ನೋಡಿ. ಪಾಲಿಸ್ಟೈರೀನ್ ಅಂದರೆ ಬಳಸಿ ಬಿಸಾಕುವ ಪ್ಲಾಸ್ಟಿಕ್ಕು. ಟೆಲಿಫೋನ್ ಡೈರೆಕ್ಟರಿಯ ಹಳದಿ ಪುಟಗಳಲ್ಲಿ ಹುಡುಕಿ ಇಟ್ಟುಕೊಂಡದ್ದು. ಮಾರುಕಟ್ಟೆ ತನ್ನನ್ನೂ ಹೀಗೇ ಬಳಸಿ ಬಿಸಾಕುತ್ತದೆ ಎಂಬುದನ್ನು ಹೆಸರಿನಲ್ಲೇ ಹೊತ್ತು ಬಂದವಳು ಆಕೆ. ಹಲ್ಲಿಗೆ ತಂತಿ ಕಟ್ಟಿಸಿಕೊಂಡು, ಕಣ್ಣು ಕುಕ್ಕುವ ಬಣ್ಣದ ಬಟ್ಟೆ ತೊಟ್ಟು ವೇದಿಕೆ ಹತ್ತಿದಳು. ಹಾಡುಗಾರ್ತಿ ಅಂದರೆ ಹೀಗಿರಬೇಕು ಅಂತ ಕಂಪನಿಗಳು ಕೊರೆದಿಟ್ಟ ಅಚ್ಚಿಗೆ ಆಕೆ ಕೂರಲೇ ಇಲ್ಲ.

ಆಕೆಗೆ ಹೆಸರು ತಂದದ್ದು 1977ರ 'ಓ ಬಾಂಡೇಜ್ ಅಪ್ ಯುವರ್ಸ್' ಎಂಬ ಬಿಡಿ ಹಾಡು. ಹೆಣ್ಣುಮಕ್ಕಳು ತುಟಿ ಬಿಚ್ಚಬಾರದು ಎನ್ನುವ ಹಳೆಯ ಉಪದೇಶವನ್ನು ಮೆತ್ತಗೆ ಒಪ್ಪಿಸಿದ ಹಾಗೆ ಮಾಡಿ, ಮರುಕ್ಷಣವೇ ಗಂಟಲು ಹರಿಯುವಂತೆ ಕಿರುಚುತ್ತಾಳೆ. ಇಂದಿಗೂ ಆಕೆಯ ಮಾತು ಬಂದರೆ ಜನ ಆ ಕಿರುಚನ್ನೇ ನೆನೆಯುತ್ತಾರೆ. ವಿಚಿತ್ರ ಅಂದರೆ, ಮೊದಲು ಬಂದ ಧ್ವನಿಮುದ್ರಿಕೆಯಲ್ಲಿ ಆ ಹಾಡೇ ಇರಲಿಲ್ಲ. ಅಲ್ಲಿದ್ದವು ಬೇರೆ ಹನ್ನೆರಡು ಹಾಡು. ಆಕೆಯ ನಿಜವಾದ ಕಸುವು ಈ ಹನ್ನೆರಡರಲ್ಲೇ ಇದೆ ಎಂಬುದು ನಮ್ಮ ವಾದ.

ಶೀರ್ಷಿಕೆಯ ಹಾಡನ್ನೇ ತೆಗೆದುಕೊಳ್ಳಿ. ಉಳಿದವುಗಳ ಹಾಗೆ ಇದು ಓಡುವುದಿಲ್ಲ, ನಿಧಾನವಾಗಿ ತೇಲುತ್ತದೆ. ಹಲ್ಲು ತಿಕ್ಕುವುದು, ಮೈ ಉಜ್ಜುವುದು, ಮತ್ತೆ ತೊಳೆಯುವುದು ಇದೇ ಗೀಳಾದವರ ಚಿತ್ರ. ಒಲಿದವರು ಕೂಡ ಹತ್ತಿರ ಬರಲಾಗದಷ್ಟು ಶುಚಿ! ಜಾಹೀರಾತು ಹುಟ್ಟಿಸಿದ ಈ ಹೊಸ ಮಡಿಯಲ್ಲಿ ಮನುಷ್ಯನ ವಾಸನೆಯೇ ಮೈಲಿಗೆ. ಹೊದಿಕೆಯ ಚಿತ್ರದಲ್ಲಿ ತಂಡದವರೆಲ್ಲ ಪ್ರಯೋಗಶಾಲೆಯ ಗಾಜಿನ ನಳಿಗೆಗಳೊಳಗೆ ನಿಂತಿದ್ದಾರೆ. ಶುಚಿಯಾಗಿದ್ದಾರೆ, ಆದರೆ ಸೆರೆಯಲ್ಲಿದ್ದಾರೆ.

ಇಲ್ಲಿ ನಮ್ಮದೊಂದು ಮಾತು ಹೇಳದೆ ಇರಲಾಗದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಹಾಸ್ಟೆಲಿಗೆ ಬಂದ ಹೊಸತರಲ್ಲಿ ಅವ್ವನ ಮಾತು ನಾಲಿಗೆಯಲ್ಲಿ ಉಳಿಯದಿರಲಿ ಅಂತ ತಿಕ್ಕಿ ತಿಕ್ಕಿ ತೊಳೆದೆವು. ಯಾರೂ ಬಡಿಗೆ ಹಿಡಿದು ನಿಂತಿರಲಿಲ್ಲ. ನಾವೇ ತೊಳೆದುಕೊಂಡೆವು. ಶೋಷಣೆ ಎದುರಿಗೆ ನಿಂತು ಹೊಡೆದರೆ ಕೂಗಬಹುದು. ನಮ್ಮದೇ ಆಸೆಯ ವೇಷ ತೊಟ್ಟು ಒಳಗೆ ಬಂದು ಕೂತರೆ? ಆ ಹುಡುಗಿ ಕೇಳಿದ್ದು ಈ ಪ್ರಶ್ನೆ.

'ಐ ಲಿವ್ ಆಫ್ ಯು' ಹಾಡಿನಲ್ಲಿ ಒಬ್ಬನನ್ನು ಇನ್ನೊಬ್ಬ ತಿಂದು ಬದುಕುವ ಸರಪಳಿಯಿದೆ. 'ವಾರಿಯರ್ ಇನ್ ವೂಲ್ವರ್ತ್ಸ್' ಹಾಡಿನ ವೀರ ಅಂಗಡಿಯ ಲೋಕದ ಒಬ್ಬ ಸಾಮಾನ್ಯ ಹುಡುಗ. 'ಐ ಆಮ್ ಅ ಪೋಸರ್' ಹಾಡಿನಲ್ಲಿ ಬೆರಳು ತನ್ನ ಕಡೆಗೇ ತಿರುಗುತ್ತದೆ: ನಾನೂ ಸೋಗಿನವಳೇ ಅನ್ನುತ್ತಾಳೆ. ಊರಿಗೆಲ್ಲ ಬುದ್ಧಿ ಹೇಳಿ ತನ್ನನ್ನು ಮಾತ್ರ ಹೊರಗಿಡುವ ಕವಿಗಳು ಇದನ್ನು ಕೇಳಬೇಕು.

ದೋಷಗಳಿಲ್ಲ ಅಂತಲ್ಲ. ಕೆಲವು ಹಾಡುಗಳು ಒಂದೇ ಓಟದಲ್ಲಿ ಓಡಿ ಒಂದರ ಮೇಲೊಂದು ಬೀಳುತ್ತವೆ. ಪ್ಲಾಸ್ಟಿಕ್ಕಿನ ಲೋಕವನ್ನು ಗೇಲಿ ಮಾಡುವ ಈ ತಟ್ಟೆಯೂ ಪ್ಲಾಸ್ಟಿಕ್ಕೇ, ಮಾರಿದ್ದು ಇಎಂಐ ಎಂಬ ದೈತ್ಯ ಕಂಪನಿ. ಆಕೆಗೆ ಇದು ಗೊತ್ತಿತ್ತು, ಹಾಡುಗಳಲ್ಲೇ ಆ ಅರಿವಿದೆ. ಗೊತ್ತಿದ್ದರೂ ಬಿಡಿಸಿಕೊಳ್ಳುವ ದಾರಿ ತೋರಿಸುವುದಿಲ್ಲ. ಚರ್ಮದ ಬಣ್ಣವನ್ನು ಘೋಷಣೆಯಾಗಿ ಎತ್ತುವುದೂ ಇಲ್ಲ. ಆದರೆ 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ವರ್ಣದ್ವೇಷದ ವಿರುದ್ಧ ಸಾವಿರಾರು ಜನ ನೆರೆದಾಗ ಆಕೆ ಆ ವೇದಿಕೆಯಲ್ಲಿ ಹಾಡಿದಳು. ನ್ಯಾಷನಲ್ ಫ್ರಂಟ್ ಎಂಬ ಬಿಳಿಯರ ಪಕ್ಷ ಬೀದಿಯಲ್ಲಿ ಮೆರೆಯುತ್ತಿದ್ದ ಕಾಲ ಅದು.

ಮುಂದಿನ ಕಥೆ ಸುಖದ್ದಲ್ಲ. ಆಕೆಯ ಮನಸ್ಸು ದಣಿಯಿತು. ವೈದ್ಯರು ರೋಗವನ್ನೇ ತಪ್ಪು ಗುರುತಿಸಿದರು. 1979ರಲ್ಲಿ ತಂಡ ಒಡೆಯಿತು. 1980ರ ದಶಕದಲ್ಲಿ ಆಕೆ ಹರೇಕೃಷ್ಣ ಪಂಥ ಸೇರಿದಳು. ಮಡಿಯನ್ನು ಗೇಲಿ ಮಾಡಿದವಳು ಮಠದ ಬಾಗಿಲಿಗೆ ಹೋದಳಲ್ಲ ಅಂತ ನಗುವವರು ನಗಲಿ. ಬೆಂದು ಬಂದ ಜೀವ ಎಲ್ಲಿ ನೆರಳು ಹುಡುಕಿತು ಎಂಬುದನ್ನು ಲೇವಡಿ ಮಾಡುವ ಹಕ್ಕು ನಮಗಿಲ್ಲ. ಹಾಡನ್ನು ಹಾಡಾಗಿ ಪ್ರಶ್ನಿಸುವ ಹಕ್ಕಿದೆ, ಅಷ್ಟೆ. 2011ರ ಏಪ್ರಿಲಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು.

ದನಿ ತೀರಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಹುಡುಗಿಯರು 'ರಾಯಟ್ ಗರ್ಲ್' ಎಂಬ ಹೆಸರಿನಲ್ಲಿ ತಂಡ ಕಟ್ಟಿ ಹಾಡಿದಾಗ ಆಕೆಯನ್ನು ಹಿರಿಯಕ್ಕನೆಂದೇ ನೆನೆದರು. 2013ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬಿಗ್ ಜೋನಿ ಎಂಬ ಕರಿಯ ಹೆಣ್ಣುಮಕ್ಕಳ ಪಂಕ್ ತಂಡ ನಡೆಯುತ್ತಿರುವುದೂ ಆಕೆ ತುಳಿದ ಹಾದಿಯಲ್ಲೇ. ಮಗಳು ಸೆಲೆಸ್ಟ್ ಬೆಲ್ ತಾಯಿಯ ಬದುಕನ್ನು 2021ರ ಒಂದು ಸಾಕ್ಷ್ಯಚಿತ್ರದಲ್ಲಿ ಕಟ್ಟಿಕೊಟ್ಟಿದ್ದಾಳೆ. ಗಂಡಸರೇ ತುಂಬಿದ ಪಂಕ್ ಚರಿತ್ರೆಯಲ್ಲಿ ಆಕೆಗೆ ಸಲ್ಲಬೇಕಾದ ಜಾಗ ಈಗೀಗ ಸಲ್ಲುತ್ತಿದೆ.

ಘೋಷಣೆ ಬೇಡ ಅಂತ ನಾವು ಹೇಳುತ್ತಿಲ್ಲ ಗೆಳೆಯರೇ. ಬಾಗಿಲು ಒದೆಯಲು ಅದು ಬೇಕೇ ಬೇಕು. ಒದ್ದ ಮೇಲೆ ಒಳಗೆ ಹೋಗಿ ಏನೇನಿದೆ ಅಂತ ನೋಡಬೇಕಲ್ಲ, ಅಲ್ಲಿ ನಮ್ಮ ಮುಖವೂ ಕಂಡೀತು. ಕಂಡಾಗ ಕಣ್ಣು ತಿರುಗಿಸದೆ ನಿಂತವಳು ಈ ಇಪ್ಪತ್ತೊಂದರ ಹುಡುಗಿ. ನಮ್ಮ ಪದ್ಯಗಳು ಆ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಾವು?