ಜಿಯಾವುದ್ದೀನ್ ಬರನಿಯ ಕುಲವಿಚಾರ

ಇಸ್ಲಾಮು ಸಮಾನತೆಯನ್ನು ಸಾರುವ ಧರ್ಮವೆಂಬುದು ಲೋಕಪ್ರಸಿದ್ಧವಾದ ಮಾತು. ಆ ಧರ್ಮದ ಅನುಯಾಯಿಗಳಲ್ಲಿಯೇ ಮೇಲುಕೀಳುಗಳು ನೆಲೆಗೊಂಡ ಬಗೆಯನ್ನು ತಿಳಿಯಬಯಸುವ ವಾಚಕರು ಬರನಿಯ ‘ಫತಾವಾ-ಇ-ಜಹಾಂದಾರಿ’ಯನ್ನು ಒಮ್ಮೆ ಪರಾಂಬರಿಸಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಪಾರಸಿಯಲ್ಲಿ ರಚಿತವಾದ ಈ ರಾಜನೀತಿಗ್ರಂಥವು ಗಜನಿಯ ಮಹಮೂದನು ತನ್ನ ಮಕ್ಕಳಿಗೂ ಮುಸಲ್ಮಾನ ಅರಸರಿಗೂ ಮಾಡಿದ ಉಪದೇಶದ ವೇಷವನ್ನು ತೊಟ್ಟಿದೆ. ಬಾಯಿ ಮಹಮೂದನದು; ಮನಸ್ಸು ಮಾತ್ರ ಬರನಿಯದೇ.

ಸೃಷ್ಟಿಕಾಲದಲ್ಲಿಯೇ ದೇವರು ಕೆಲವರ ಬುದ್ಧಿಯಲ್ಲಿ ಅಕ್ಷರವಿದ್ಯೆಯನ್ನೂ, ಮತ್ತೆ ಕೆಲವರಲ್ಲಿ ನೇಯ್ಗೆ, ಕಮ್ಮಾರಿಕೆ, ಬಡಗಿತನಗಳನ್ನೂ ಇರಿಸಿದನೆಂಬುದು ಗ್ರಂಥಕರ್ತನ ಸಿದ್ಧಾಂತ. ಆದುದರಿಂದ ಕೀಳುಕುಲದವರಿಗೆ ನಮಾಜು, ಉಪವಾಸ ಮುಂತಾದ ವಿಧಿಗಳಿಗಿಂತ ಹೆಚ್ಚೇನನ್ನೂ ಕಲಿಸಕೂಡದು, ಓದುಬರಹವನ್ನಂತೂ ಕಲಿಸಲೇಕೂಡದು, ಕಲಿಸಿದ ಉಪಾಧ್ಯಾಯನಿಗೆ ಶಿಕ್ಷೆ! ಆದರೆ ಈ ಸಿದ್ಧಾಂತಕ್ಕೆ ಕುರಾನೇ ಅಡ್ಡವಾಗಿ ನಿಂತಿರುವುದಷ್ಟೆ. ಹೆಚ್ಚು ಧರ್ಮಭೀರುವಾದವನೇ ದೇವರ ದೃಷ್ಟಿಯಲ್ಲಿ ಹೆಚ್ಚು ಮಾನ್ಯನೆಂದು ಅದು ಸಾರುತ್ತದೆ. ಬರನಿಯು ವಾಕ್ಯವನ್ನು ಅಲ್ಲಗಳೆಯುವುದಿಲ್ಲ, ತಲೆಕೆಳಗು ಮಾಡುತ್ತಾನೆ: ಕೀಳಾಗಿ ಹುಟ್ಟಿದವನಲ್ಲಿ ಧರ್ಮಭೀರುತ್ವವು ಇರಲಾರದು, ಕಂಡುಬಂದರೆ ಅವನ ವಂಶದಲ್ಲಿ ಎಲ್ಲಿಯೋ ಉತ್ತಮ ರಕ್ತವು ಬೆರೆತಿರಬೇಕು. ಈ ತರ್ಕವನ್ನು ಯಾವ ಪ್ರಮಾಣವೂ ಸೋಲಿಸಲಾರದು; ಅದರ ದೋಷವೂ ಅದೇ.

ಅವನ ಚರಿತ್ರೆಯಾದ, 1357ರ ‘ತಾರೀಖ್-ಇ-ಫಿರೋಜ್‌ಶಾಹಿ’ಯಲ್ಲಿ ಇದೇ ರಾಗವು ಕಥೆಯ ರೂಪದಲ್ಲಿ ಬರುತ್ತದೆ. ಇಲ್ತುತ್ಮಿಷನ ಮಂತ್ರಿಯಾದ ನಿಜಾಮುಲ್ಮುಲ್ಕ್ ಜುನೈದಿಯ ವಂಶವನ್ನು ಶೋಧಿಸಲಾಗಿ ಅವನು ನೇಕಾರನ ಸಂತತಿಯೆಂದು ತಿಳಿಯಿತಂತೆ. ಬಲ್ಬನನು ಅಮ್ರೋಹೆಯ ಲೆಕ್ಕದ ಹುದ್ದೆಗೆ ಸೂಚಿತನಾದ ಕಮಾಲ್ ಮಹಿಯಾರನ ಹುಟ್ಟನ್ನು ಕೇಳಿ ಕೆಂಡವಾದನಂತೆ. ಇಲ್ತುತ್ಮಿಷನೂ ಬಲ್ಬನನೂ ಹಣಕ್ಕೆ ಮಾರಾಟವಾದ ಗುಲಾಮರೆಂಬುದನ್ನು ಬರನಿಯು ಅರಿಯನೇ? ಬಲ್ಬನನಾದರೋ ಪುರಾತನ ವೀರ ಅಫ್ರಾಸಿಯಾಬನ ವಂಶದವನೆಂದು ಹೇಳಿಕೊಂಡನು. ನದೀಮೂಲ ಋಷಿಮೂಲಗಳನ್ನು ಕೇಳಬಾರದೆನ್ನುವ ನಮ್ಮ ಹಿರಿಯರು ಅಲ್ಲಿದ್ದಿದ್ದರೆ ಸುಲ್ತಾನಮೂಲವನ್ನೂ ಆ ಪಟ್ಟಿಗೆ ಸೇರಿಸುತ್ತಿದ್ದರೇನೋ!

ಬರನಿಯ ಕೋಪದ ಬೆಂಕಿ ಪೂರ್ಣವಾಗಿ ಉರಿಯುವುದು ಮಹಮ್ಮದ್ ಬಿನ್ ತುಘಲಕನ ಪ್ರಕರಣದಲ್ಲಿ. ಕ್ಷೌರಿಕ, ಅಡಿಗೆಯವ, ತೋಟಗಾರ, ನೇಕಾರನ ಮಗ—ಇವರೆಲ್ಲರನ್ನೂ ಆ ಸುಲ್ತಾನನು ಅಧಿಕಾರಕ್ಕೇರಿಸಿದನೆಂದು ಹೆಸರು ಹಿಡಿದು ಎಣಿಸುತ್ತಾನೆ. ಹೆಂಡ ಮಾರುವವನೆಂಬ ಅರ್ಥದ ಅಡ್ಡಹೆಸರನ್ನು ಹೊತ್ತ ಅಜೀಜ್ ಖಮ್ಮಾರನು ಧಾರಾನಗರದಲ್ಲಿ 80ಕ್ಕೂ ಮಿಕ್ಕ ಅಮೀರರ ತಲೆ ಹೊಡೆಸಿದುದಕ್ಕೆ ಅವನ ಹುಟ್ಟೇ ಕಾರಣವಂತೆ. ಸುಲ್ತಾನನ ಕ್ರೌರ್ಯಗಳಿಗೆ ಮಾತ್ರ ಅಂತಹ ಕಾರಣವಿಲ್ಲ. ಆ ಕೊಲೆಗಳಿಂದ ಹಬ್ಬಿದ ದಂಗೆಯೇ ದೌಲತಾಬಾದಿಗೆ ತಾಕಿ, 1347ರಲ್ಲಿ ಬಹಮನಿ ರಾಜ್ಯವು ಹುಟ್ಟಿ ನಮ್ಮ ಕಲಬುರಗಿಯು ರಾಜಧಾನಿಯಾಯಿತು. ಅಲ್ಲಿಯ ಮೊದಲ ಸುಲ್ತಾನನೂ ಇರಾನಿನ ಬಹಮನನ ವಂಶವೆಂದು ಕರೆದುಕೊಂಡನು. ಫಿರಿಸ್ತನು ಹೇಳುವ ಕಥೆಯಲ್ಲಾದರೋ ಅವನು ದಿಲ್ಲಿಯ ಬ್ರಾಹ್ಮಣನೊಬ್ಬನ ಸೇವಕ.

ಮೊಹಮ್ಮದ್ ಹಬೀಬ್ ಮತ್ತು ಅಫ್ಸರ್ ಸಲೀಂ ಖಾನರಿಂದ ಇಂಗ್ಲಿಷಿನಲ್ಲಿಯೂ ದೊರೆತ ‘ಫತಾವಾ’ವನ್ನು ಆ ಕಾಲದ ವ್ಯವಸ್ಥೆಯ ಚಿತ್ರವೆಂದು ಹಲವರು ಓದುತ್ತಾರೆ. ಅದು ಸರಿಯಲ್ಲ. ಕೀಳುಕುಲದವರು ಮೇಲಕ್ಕೆ ಬಾರದೆ ಇದ್ದಿದ್ದರೆ ಬರನಿಯು ಇಷ್ಟು ಕೂಗಬೇಕಾದುದಿರಲಿಲ್ಲ. ಇದು ಸೋತವನ ಮನವಿ. ಅವನ ನಿಂದೆಯ ಪಟ್ಟಿಯೇ ನೇಕಾರ ತೋಟಗಾರರ ಏಳಿಗೆಗೆ ಸಾಕ್ಷಿ. ಹಾಗೆಂದು ಇದನ್ನು ಒಬ್ಬನ ಹುಚ್ಚೆಂದು ತಳ್ಳಿಬಿಡುವುದೂ ಸಾಧ್ಯವಿಲ್ಲ. 1901ರ ಬಂಗಾಳದ ಜನಗಣತಿ ವರದಿಯು ಮುಸಲ್ಮಾನರಲ್ಲಿ ಅಶ್ರಫ್, ಅಜ್ಲಫ್‌ಗಳ ಕೆಳಗೆ ಅರ್ಜಲ್ ಎಂಬವರಿದ್ದು, ಅವರಿಗೆ ಮಸೀದಿಯ ಪ್ರವೇಶವೂ ಸಾರ್ವಜನಿಕ ಗೋರಿಸ್ಥಾನವೂ ನಿಷಿದ್ಧವೆಂದು ಬರೆದಿದೆ. ಬರನಿಯ ಗ್ರಂಥವನ್ನು ಕಣ್ಣಿನಿಂದಲೂ ಕಾಣದವರು ಅದರಂತೆ ನಡೆದರು.

ಗದ್ಯಕಾರನಾಗಿ ಬರನಿಯು ಸಾಮಾನ್ಯನಲ್ಲ. ಅವನ ದ್ವೇಷಕ್ಕೂ ಒಂದು ಬಿಗಿಯಿದೆ. ತಾನು ನಿಂದಿಸಿದ ಸುಲ್ತಾನನ ಆಸ್ಥಾನದಲ್ಲಿಯೇ ಅವನು 17 ವರ್ಷ ಸುಖವಾಗಿದ್ದನು. 1351ರಲ್ಲಿ ಆ ಸುಲ್ತಾನನು ತೀರಿದ ಮೇಲೆ ಆಶ್ರಯ ತಪ್ಪಿ, ಕಡುಬಡತನದಲ್ಲಿ ಈ ಪುಟಗಳನ್ನು ಬರೆದನು. ಯಾವ ಕುಲದವನಿಗೂ ಬಾಗಿಲು ಹಾಕದಿದ್ದ ಗುರು ನಿಜಾಮುದ್ದೀನ್ ಔಲಿಯಾರ ಗೋರಿಯ ಸಮೀಪದಲ್ಲಿ ಅವನನ್ನು ಮಣ್ಣು ಮಾಡಿದರು.