ಅಂಕಿ ಬಂತು, ಯಾವ ಸೆನ್ಸರ್‌ನದು?

ಆರ್ಡುಯಿನೊ ಕಲಿಯಲು ಕೂತವರು ಎಲ್‌ಇಡಿ ಮಿನುಗಿಸಿ ಮುಗಿಸಿದ ಮೇಲೆ ಕೈಹಾಕುವುದು ಹೆಚ್ಚಾಗಿ ಉಷ್ಣಾಂಶಕ್ಕೇ. ಒಂದು ಸೆನ್ಸರ್ ಜೋಡಿಸಿ ಪರದೆಯ ಮೇಲೆ 27.4 ಎಂದು ಕಾಣುವವರೆಗೆ ಯಾರಿಗೂ ತೊಂದರೆಯಿಲ್ಲ. ಅದೇ ಬೋರ್ಡಿಗೆ ಐದಾರು ಸೆನ್ಸರ್ ಸಿಕ್ಕಿಸಿ ತಿಂಗಳುಗಟ್ಟಲೆ ದಾಖಲೆ ಬರೆಸಲು ಹೊರಟಾಗ ಈ ಹವ್ಯಾಸದ ಗಟ್ಟಿ ಯಾವುದು, ಪೊಳ್ಳು ಯಾವುದು ಎಂದು ಗೊತ್ತಾಗುತ್ತದೆ. ಪರೀಕ್ಷೆಗೆ ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರ್ ಸಾಕು. ಟ್ಯಾಂಕಿನ ಮೇಲ್ಭಾಗಕ್ಕೊಂದು, ತಳಕ್ಕೊಂದು, ಪ್ಯಾನೆಲ್ಲಿನಿಂದ ಬಿಸಿನೀರು ಬರುವ ಪೈಪಿಗೊಂದು, ತಣ್ಣೀರು ಒಳಹೋಗುವ ಪೈಪಿಗೊಂದು, ನೆರಳಿನ ಗಾಳಿಗೊಂದು. ಮೂರನೆಯವರು ಸ್ನಾನಕ್ಕೆ ಹೋಗುವಷ್ಟರಲ್ಲಿ ನೀರು ತಣ್ಣಗಾಗುವುದೇಕೆ ಎಂಬ ಮನೆಮನೆಯ ಜಗಳಕ್ಕೆ ಈ ಐದು ಅಂಕಿಗಳಲ್ಲಿ ಉತ್ತರ ಸಿಗಬೇಕು.

ಹಳಬರು ಮೊದಲು ಹೇಳುವ ಹೆಸರು ಎಲ್‌ಎಂ35. ಒಂದು ಡಿಗ್ರಿಗೆ 10 ಮಿಲಿವೋಲ್ಟ್, ಲೆಕ್ಕ ಸಲೀಸು. ಆರ್ಡುಯಿನೊ ಊನೊದಲ್ಲಿ ಆರು ಅನಲಾಗ್ ಪಿನ್‌ಗಳಿವೆ, ಐದು ಸೆನ್ಸರ್ ಹಿಡಿಸುತ್ತವೆ. ಆದರೆ ಊನೊ 5 ವೋಲ್ಟನ್ನು 1024 ಹಂತಗಳಾಗಿ ಒಡೆದು ನೋಡುತ್ತದೆ. ಒಂದು ಹಂತಕ್ಕೆ ಹತ್ತಿರಹತ್ತಿರ ಅರ್ಧ ಡಿಗ್ರಿ. ಆ 5 ವೋಲ್ಟ್ ಆದರೂ ನಿಜವೇ? ಅಗ್ಗದ ಚಾರ್ಜರ್ 4.8 ಕೊಟ್ಟರೆ 60 ಡಿಗ್ರಿಯ ನೀರು 62.5 ಎಂದು ದಾಖಲಾಗುತ್ತದೆ. ಚಿಪ್ಪಿನೊಳಗಿನ 1.1 ವೋಲ್ಟನ್ನು ಆಧಾರವಾಗಿ ಹಿಡಿದರೆ ಇದರಿಂದ ಪಾರಾಗಬಹುದು. ತಾರಸಿಯಿಂದ ಕೆಳಗೆ ಎಳೆದ ತಂತಿ ಸಂಪಿನ ಮೋಟಾರ್ ಶುರುವಾದಾಗಲೆಲ್ಲ ಹೆಕ್ಕಿ ತರುವ ಗದ್ದಲದಿಂದ ಪಾರಾಗುವುದು ಕಷ್ಟ. ಮೇಜಿನ ಮೇಲೆ ಎಲ್‌ಎಂ35 ಸರಿ, ತಾರಸಿಗೆ ಬೇಡ.

ಡಿಎಸ್18ಬಿ20 ಇಲ್ಲಿಯೇ ಗೆಲ್ಲುತ್ತದೆ. ಡಲ್ಲಾಸ್ ಸೆಮಿಕಂಡಕ್ಟರ್ ರೂಪಿಸಿದ ಚಿಪ್ ಇದು. ಆ ಕಂಪನಿ 2001ರಲ್ಲಿ ಮ್ಯಾಕ್ಸಿಮ್ ಪಾಲಾಯಿತು, ಮ್ಯಾಕ್ಸಿಮ್ 2021ರಲ್ಲಿ ಅನಲಾಗ್ ಡಿವೈಸಸ್ ಪಾಲಾಯಿತು. ಉಷ್ಣಾಂಶವನ್ನು ಇದು ತನ್ನೊಳಗೇ ಅಂಕಿಯಾಗಿಸಿ ಕಳಿಸುವುದರಿಂದ ತಂತಿಯ ಉದ್ದ ಅಳತೆಯನ್ನು ಕೆಡಿಸದು. ಪ್ರತಿ ಚಿಪ್ಪಿಗೂ ಕಾರ್ಖಾನೆಯಲ್ಲೇ ಕೆತ್ತಿದ 64 ಬಿಟ್‌ಗಳ ಗುರುತು ಇರುತ್ತದೆ. ಹಾಗಾಗಿ ಐದಕ್ಕೂ ಸೇರಿ ಒಂದೇ ಪಿನ್, ಒಂದು 4.7 ಕಿಲೋ ಓಮ್ ರೆಸಿಸ್ಟರ್ ಸಾಕು. ಜೋಡಣೆಯ ಜಾಣತನದಲ್ಲಿ ಇದನ್ನು ಮೀರಿಸುವ ಅಗ್ಗದ ಸೆನ್ಸರ್ ನನಗೆ ಕಂಡಿಲ್ಲ.

ನನ್ನ ತಕರಾರು ಚಿಪ್ಪಿನ ಮೇಲಲ್ಲ, ಅದನ್ನು ಬಳಸಲು ಕಲಿಸುವ ರೀತಿಯ ಮೇಲೆ. ಎಲ್ಲರೂ ಬಳಸುವ ಲೈಬ್ರರಿಯಲ್ಲಿ ಸೆನ್ಸರನ್ನು ಎರಡು ಬಗೆಯಲ್ಲಿ ಕೇಳಬಹುದು: ಅದರ ಪೂರ್ತಿ ಗುರುತಿನಿಂದ, ಇಲ್ಲವೇ ಸೊನ್ನೆ, ಒಂದು, ಎರಡು ಎಂಬ ಕ್ರಮಸಂಖ್ಯೆಯಿಂದ. ಸಾಲು ಚಿಕ್ಕದಾಗುತ್ತದೆಂದು ಕಲಿಕೆಯ ಪಾಠಗಳು ಕ್ರಮಸಂಖ್ಯೆಯನ್ನೇ ಹಿಡಿಯುತ್ತವೆ. ಆ ಕ್ರಮ ಹುಟ್ಟುವುದು ಗುರುತಿನ ಬಿಟ್‌ಗಳಿಂದ. ಸೆನ್ಸರ್ ತಂತಿಯಲ್ಲಿ ಎಲ್ಲಿ ಕೂತಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಳೆಗಾಲದಲ್ಲಿ ಟ್ಯಾಂಕ್ ತಳದ ಸೆನ್ಸರ್ ಒಳಗೆ ನೀರು ಹೋಗಿ ಸತ್ತಿತು, ಹೊಸದನ್ನು ಹಾಕಿದಿರಿ ಎನ್ನಿ. ಹೊಸದರ ಗುರುತು ಪಟ್ಟಿಯ ಮೊದಲಿಗೆ ಬಂದರೆ ಸತ್ತ ಸೆನ್ಸರಿಗಿಂತ ಮೊದಲಿದ್ದವೆಲ್ಲ ಒಂದೊಂದು ಸ್ಥಾನ ಸರಿಯುತ್ತವೆ. ಫೈಲಿನಲ್ಲಿ ಐದು ಕಾಲಂಗಳೂ ಎಂದಿನಂತೆ ತುಂಬುತ್ತವೆ, ಅಂಕಿಗಳೂ ನಂಬುವಂಥವೇ. ಗಾಳಿಯ ಕಾಲಂನಲ್ಲಿ ತಣ್ಣೀರು, ತಣ್ಣೀರಿನ ಕಾಲಂನಲ್ಲಿ ಟ್ಯಾಂಕಿನ ತಳ. ಎಲ್ಲಿಯೂ ದೋಷದ ಸಂದೇಶವಿಲ್ಲ. ಒಂದೊಂದೇ ಸೆನ್ಸರನ್ನು ಜೋಡಿಸಿ, ಗುರುತು ಓದಿ, ತಂತಿಗೆ ಚೀಟಿ ಅಂಟಿಸಿ, ಅದೇ ಗುರುತನ್ನು ಕೋಡಿನಲ್ಲಿ ಬರೆದಿಡುವುದು ಅರ್ಧ ಗಂಟೆಯ ಕೆಲಸ. ಅದನ್ನು ಬಿಟ್ಟು ಕಲಿಸುವ ಪಾಠ, ನನ್ನ ಮಟ್ಟಿಗೆ, ಅರ್ಧ ಪಾಠ.

ಇನ್ನೆರಡು ಅಂಕಿಗಳು ಫೈಲಿನಲ್ಲಿ ನುಸುಳಿ ಕೂರುತ್ತವೆ. ಸೆನ್ಸರ್ ಉತ್ತರಿಸದಿದ್ದರೆ ಲೈಬ್ರರಿ -127 ಎನ್ನುತ್ತದೆ. ಕಣ್ಣಿಗೆ ಬಿದ್ದರೆ ಸರಿ. ಬೀಳದೆ ಎಕ್ಸೆಲ್‌ನಲ್ಲಿ ಸರಾಸರಿ ತೆಗೆದರೆ, 40 ಡಿಗ್ರಿಯ 23 ಸಾಲುಗಳ ಜೊತೆ ಅಂಥದ್ದೊಂದು ಸೇರಿ ಸರಾಸರಿ 33ಕ್ಕೆ ಕುಸಿಯುತ್ತದೆ. 85 ಇನ್ನೂ ಕಿಲಾಡಿ. ವಿದ್ಯುತ್ ಬಂದ ಕೂಡಲೇ ಚಿಪ್ಪಿನ ನೆನಪಿನಲ್ಲಿ ಇರುವ ಅಂಕಿ ಅದು. ಅಳತೆ ಮುಗಿಯುವ ಮೊದಲೇ ಓದಿದರೆ, ಅಥವಾ ನಡುವೆ ಕರೆಂಟ್ ಒಂದು ಕ್ಷಣ ಕುಸಿದರೆ, ಅದೇ ಕೈಗೆ ಬರುತ್ತದೆ. ಲೈಬ್ರರಿಯ ತಪಾಸಣೆಯಲ್ಲೂ ಅದು ಪಾಸು. ಕೋಣೆಯ ಉಷ್ಣಾಂಶ ಬರೆಯುವವರಿಗೆ 85 ಕೂಡಲೇ ಗೊತ್ತಾಗುತ್ತದೆ. ಏಪ್ರಿಲ್ ಮಧ್ಯಾಹ್ನದ ಸೋಲಾರ್ ಪ್ಯಾನೆಲ್ಲಿಗೆ ಅದು ಸಹಜವೇ ಅನ್ನಿಸುವ ಅಂಕಿ. ಹಿಂದಿನ ಸಾಲು 71, ಮುಂದಿನದು 72 ಇದ್ದು ನಡುವೆ ಸರಿಯಾಗಿ 85.00 ಕಂಡರೆ ಅದನ್ನು ಅನುಮಾನಿಸಲೇಬೇಕು.

ಒಂದು ಅಳತೆಗೆ 750 ಮಿಲಿಸೆಕೆಂಡ್ ಬೇಕೆಂಬ ದೂರು ಮಾತ್ರ ಅತಿಯಾಯಿತು. ಎಲ್ಲಕ್ಕೂ ಒಟ್ಟಿಗೇ ಅಳೆಯಲು ಹೇಳಬಹುದು, ಮೇಲಾಗಿ ಟ್ಯಾಂಕಿನ ನೀರಿಗೆ ಅವಸರವಿಲ್ಲ. ಗಡಿಯಾರದ ವಿಷಯ ಹಾಗಲ್ಲ. ಊನೊಗೆ ಸ್ವಂತ ಗಡಿಯಾರವಿಲ್ಲ; ಕರೆಂಟ್ ಹೋಗಿ ಬಂದರೆ ಸೊನ್ನೆಯಿಂದ ಎಣಿಸುತ್ತದೆ. ಬಟನ್ ಸೆಲ್ ಇರುವ ಡಿಎಸ್3231 ಮಾಡ್ಯೂಲ್ ವರ್ಷಕ್ಕೆ ಸುಮಾರು ಒಂದು ನಿಮಿಷದಷ್ಟೇ ತಪ್ಪುತ್ತದೆ, ಅದಿಲ್ಲದೆ ಹೊರಡಬಾರದು. ಪ್ರತಿ ಸಾಲು ಬರೆದೊಡನೆ ಎಸ್‌ಡಿ ಕಾರ್ಡಿನ ಫೈಲನ್ನು ಮುಚ್ಚುವುದೂ ಕರೆಂಟಿನ ಕಾರಣಕ್ಕೇ.

ದಶಾಂಶಗಳ ಮೋಹವನ್ನೂ ಹೇಳಬೇಕು. ಈ ಸೆನ್ಸರ್ 0.0625 ಡಿಗ್ರಿಯ ಹಂತದಲ್ಲಿ ಅಂಕಿ ಕೊಡುತ್ತದೆ, ಆದರೆ ಡೇಟಾಶೀಟಿನ ಭರವಸೆ -10ರಿಂದ 85ರವರೆಗೆ ಅರ್ಧ ಡಿಗ್ರಿ ಆಚೀಚೆ ಅಷ್ಟೇ. ಎರಡು ಸೆನ್ಸರ್‌ಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದರೂ ಎರಡೂ ಮಾತು ತಪ್ಪಿಲ್ಲ. ಅದೂ ಅಸಲಿ ಚಿಪ್ಪಿನ ಮಾತು. ಅಗ್ಗದ ಸ್ಟೀಲ್ ಕೊಳವೆಗಳೊಳಗೆ ನಕಲಿ ಹೇರಳ. ಐದನ್ನೂ ಕಂತೆ ಕಟ್ಟಿ, ಪುಡಿ ಐಸ್ ತುಂಬಿದ ನೀರಿನಲ್ಲಿ ಕಲಕುತ್ತಾ ಇಟ್ಟು, ಪ್ರತಿಯೊಂದೂ ಸೊನ್ನೆಯಿಂದ ಎಷ್ಟು ದೂರ ಎಂದು ಬರೆದುಕೊಂಡರೆ ಅಲ್ಲಿನ ತಪ್ಪು ತಿಳಿಯುತ್ತದೆ. ಕುದಿವ ನೀರನ್ನು 100 ಎಂದು ನಂಬಿ ಸರಿಪಡಿಸಲು ಹೋಗಬೇಡಿ: ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ.

ತಂತಿ ಹಾಯಿಸುವುದರಲ್ಲಿ ಸಾಮಾನ್ಯ ತಪ್ಪೆಂದರೆ ಬೋರ್ಡ್ ಇಟ್ಟ ಪೆಟ್ಟಿಗೆಯಿಂದ ಪ್ರತಿ ಸೆನ್ಸರಿಗೂ ಬೇರೆ ಬೇರೆ ಉದ್ದದ ಕವಲು ಎಳೆಯುವುದು. ಸಂಕೇತ ಕವಲುಗಳ ತುದಿಯಲ್ಲಿ ತಾಗಿ ಮರಳಿ, ಒಂದೆರಡು ಸೆನ್ಸರ್ ಆಗಾಗ ಕಾಣೆಯಾಗುತ್ತವೆ. ಒಂದೇ ಮುಖ್ಯ ಕೇಬಲ್ ಪೈಪಿನ ಜೊತೆಗೇ ಸಾಗಲಿ, ಗೇಣುದ್ದದ ಕವಲುಗಳಿರಲಿ. ಪೈಪಿಗೆ ಕಟ್ಟಿದ ಸ್ಟೀಲ್ ಕೊಳವೆಯ ಮೇಲೆ ಇನ್ಸುಲೇಶನ್ ಸುತ್ತದಿದ್ದರೆ ಅದು ಅರ್ಧ ಬಿಸಿಲನ್ನೇ ಅಳೆಯುತ್ತದೆ. ಸುತ್ತಿದರೂ ತಣ್ಣೀರಿನ ಪೈಪು, ನಲ್ಲಿ ಮುಚ್ಚಿದ ಸ್ವಲ್ಪ ಹೊತ್ತಿಗೆ, ಒಳಬರುವ ನೀರಿನ ಉಷ್ಣಾಂಶ ಬಿಟ್ಟು ಸುತ್ತಲಿನದನ್ನು ಹೇಳತೊಡಗುತ್ತದೆ. ಹರಿವು ಅಳೆಯುವ ಸೆನ್ಸರ್ ಒಂದು ಜೊತೆಗಿಲ್ಲದೆ ಆ ಕಾಲಂ ಓದಿ ಪ್ರಯೋಜನವಿಲ್ಲ. ಊನೊದಲ್ಲಿ ಅದಕ್ಕೆ ಪಿನ್ ಇನ್ನೂ ಖಾಲಿಯಿದೆ.