‘ಬೆಳಕು ಚೆಲ್ಲಲಾಗುವುದು’: ಶಾಸನ ಸಮ್ಮೇಳನಗಳ ಸಾರಾಂಶಗಳನ್ನು ಓದುತ್ತಾ

ಸಮ್ಮೇಳನಗಳ ಪ್ರಕಟಣೆಗಳು ಬರೋ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: ‘ಸಾರಾಂಶ ಕಳಿಸಿದ್ರೇನ್ರಿ?’ ಭಾರತೀಯ ಪುರಾಭಿಲೇಖ ಪರಿಷತ್ತಿನ ವಾರ್ಷಿಕ ಅಧಿವೇಶನ ಇರಲಿ, ಕರ್ನಾಟಕ ಇತಿಹಾಸ ಅಕಾಡೆಮಿಯ ಸಮ್ಮೇಳನ ಇರಲಿ, ಕಾಲೇಜೊಂದು ಎರಡು ದಿನ ನಡೆಸೋ ವಿಚಾರ ಸಂಕಿರಣ ಇರಲಿ, ಬಾಗಿಲು ದಾಟಬೇಕಾದರೆ ಮೊದಲು ಒಂದು ಪುಟದ ಸಾರಾಂಶ ಬೇಕು. ಹಲವು ವರ್ಷಗಳಿಂದ ಕೈಗೆ ಸಿಕ್ಕ ಸಾರಾಂಶ ಪುಸ್ತಿಕೆಗಳನ್ನೆಲ್ಲ ನಾನು ಎತ್ತಿಟ್ಟುಕೊಂಡು ಬಂದಿದ್ದೇನೆ. ಶೇಡಬಾಳದಿಂದ ಧಾರವಾಡಕ್ಕೋ ಮೈಸೂರಿಗೋ ಹೋಗುವ ರೈಲಿನಲ್ಲಿ ಓದಲು ಅವು ಹೇಳಿ ಮಾಡಿಸಿದಂತಿವೆ. ಪ್ರಬಂಧಗಳ ವಿಮರ್ಶೆ ಅಪರೂಪಕ್ಕಾದರೂ ನಡೆಯುತ್ತದೆ. ಸಾರಾಂಶಗಳನ್ನು ಮಾತ್ರ ಯಾರೂ ವಿಮರ್ಶೆಗೆ ತಗೊಂಡದ್ದು ಕಾಣೆ. ತಗೋಬೇಕು ಅನ್ನೋದು ನನ್ನ ವಾದ.

ಏಕೆ ಅಂದರೆ, ಶಾಸನ ಕ್ಷೇತ್ರದಲ್ಲಿ ಬಹಳ ಸಲ ಉಳಿಯುವುದು ಸಾರಾಂಶ ಒಂದೇ. ಪ್ರಬಂಧ ಹತ್ತು ನಿಮಿಷದಲ್ಲಿ ಓದಿ ಮುಗಿಯುತ್ತದೆ. ಅದು ‘ಇತಿಹಾಸ ದರ್ಶನ’ದಂಥ ಸಂಪುಟದಲ್ಲೋ ‘ಸ್ಟಡೀಸ್ ಇನ್ ಇಂಡಿಯನ್ ಎಪಿಗ್ರಫಿ’ಯಲ್ಲೋ ಅಚ್ಚಾದರೆ ಪುಣ್ಯ. ಎಷ್ಟೋ ಪ್ರಬಂಧ ಎಲ್ಲೂ ಅಚ್ಚಾಗುವುದಿಲ್ಲ. ಅಷ್ಟರಲ್ಲಿ ಕಲ್ಲಿನ ಗತಿ ಏನಾಗಿರುತ್ತದೆ? ಗುಡಿಯ ಜೀರ್ಣೋದ್ಧಾರ ಆಗಿ ಗೋಡೆಗೆ ಗ್ರಾನೈಟ್ ಬಡಿದಿರುತ್ತಾರೆ. ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿದಿರುತ್ತಾರೆ. ನಮ್ಮ ಕೃಷ್ಣಾ ದಂಡೆಯ ಊರುಗಳಲ್ಲಿ 2005ರಲ್ಲಿ, ಮತ್ತೆ 2019ರಲ್ಲಿ ಹೊಳೆ ಊರೊಳಗೆ ಬಂದು ಹೋದದ್ದನ್ನು ಎಲ್ಲರೂ ಕಂಡಿದ್ದಾರೆ. ದಂಡೆಯ ಮೇಲಿನ ಕಲ್ಲು ಅಂಥ ನೀರಿಗೆ ಉರುಳಿ ಕೆಸರಿನಲ್ಲಿ ಹೂತರೆ ಹುಡುಕುವವರು ಯಾರು? ಆಮೇಲೆ ಆ ಶಾಸನಕ್ಕೆ ಸಾಕ್ಷಿ ಅಂತ ಉಳಿಯೋದು ಆ ಒಂದು ಪುಟ. ಆ ಪುಟದಲ್ಲಿ ಏನೂ ಇಲ್ಲದಿದ್ದರೆ ಶಾಸನ ಎರಡನೇ ಸಲ ಕಳೆದುಹೋದಂತೆ.

ಇಷ್ಟೆಲ್ಲ ಭಾರ ಹೊರಬೇಕಾದ ಬರಹ ಹೇಗಿರುತ್ತದೆ ನೋಡೋಣ. ಯಾರ ಸಾರಾಂಶವನ್ನೂ ಇಲ್ಲಿ ಎತ್ತಿ ಆಡುವುದಿಲ್ಲ. ಎಲ್ಲರೂ ಬಲ್ಲ ಹಲ್ಮಿಡಿ ಶಾಸನದ ಮೇಲೆ ಇಂದಿನ ಧಾಟಿಯಲ್ಲಿ ನಾನೇ ಒಂದು ಬರೆದು ತೋರಿಸುತ್ತೇನೆ.

‘ಶಾಸನಗಳು ಇತಿಹಾಸದ ಕನ್ನಡಿಗಳಾಗಿವೆ. ಕನ್ನಡ ನಾಡಿನ ಇತಿಹಾಸದಲ್ಲಿ ಹಲ್ಮಿಡಿ ಗ್ರಾಮಕ್ಕೆ ವಿಶಿಷ್ಟವಾದ ಸ್ಥಾನವಿದೆ. ಇಲ್ಲಿ ಇತ್ತೀಚೆಗೆ ದೊರೆತ ಅಪ್ರಕಟಿತ ಶಾಸನವು ಕದಂಬರ ಕಾಲದ್ದಾಗಿದ್ದು ಅತ್ಯಂತ ಮಹತ್ವಪೂರ್ಣವಾಗಿದೆ. ಪ್ರಸ್ತುತ ಪ್ರಬಂಧದಲ್ಲಿ ಈ ಶಾಸನದ ರಾಜಕೀಯ, ಸಾಮಾಜಿಕ, ಆರ್ಥಿಕ, ಧಾರ್ಮಿಕ ಹಾಗೂ ಸಾಂಸ್ಕೃತಿಕ ಅಂಶಗಳ ಮೇಲೆ ಬೆಳಕು ಚೆಲ್ಲಲಾಗುವುದು.’

ಓದುಗರು ನಕ್ಕರೂ ಇದು ಉತ್ಪ್ರೇಕ್ಷೆ ಅಲ್ಲ. ಇದರಲ್ಲಿ ಹಲ್ಮಿಡಿ ಅನ್ನೋ ಹೆಸರು ತೆಗೆದು ಬೇರೆ ಯಾವ ಊರಿನ ಹೆಸರು ಹಾಕಿದರೂ ನಡೆಯುತ್ತದೆ. ಸಾರಾಂಶವನ್ನು ಪರೀಕ್ಷಿಸುವ ಸುಲಭದ ಉಪಾಯವೂ ಅದೇ: ಊರಿನ ಹೆಸರು ಬದಲಿಸಿ ನೋಡಿ. ಆಗಲೂ ವಾಕ್ಯ ಸರಿಯಾಗೇ ನಿಂತರೆ ಅದು ಆ ಶಾಸನದ ಸಾರಾಂಶ ಅಲ್ಲವೇ ಅಲ್ಲ.

ಈಗ ಅದೇ ಕಲ್ಲಿಗೆ ಇನ್ನೊಂದು ಸಾರಾಂಶ.

‘ಹಾಸನ ಜಿಲ್ಲೆ ಬೇಲೂರು ತಾಲೂಕಿನ ಹಲ್ಮಿಡಿಯ ವೀರಭದ್ರ ಗುಡಿಯ ಮುಂದಿದ್ದ ಕಲ್ಲು. ಮೇಲ್ಭಾಗದಲ್ಲಿ ಚಕ್ರದ ಕೆತ್ತನೆ. 16 ಸಾಲು. ಮೊದಲಿಗೆ ಸಂಸ್ಕೃತ ಶ್ಲೋಕ, ಉಳಿದದ್ದು ಕನ್ನಡ ಗದ್ಯ. ತೇದಿ ಇಲ್ಲ. ಕದಂಬ ಕಾಕುಸ್ಥನ ಹೆಸರಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟದ್ದು ವಿಷಯ. ಪಲ್ಮಿಡಿಯೇ ಇಂದಿನ ಹಲ್ಮಿಡಿ ಎಂಬುದು ಹೆಸರಿನ ಹೋಲಿಕೆಯಿಂದ ಮಾಡಿದ ಗುರುತು. ಕಾಲ ಸುಮಾರು ಕ್ರಿ.ಶ. 450 ಎಂಬುದು ಊಹೆ. ಅದಕ್ಕೆ ಆಧಾರ ಲಿಪಿ ಮತ್ತು ಕಾಕುಸ್ಥನ ಹೆಸರು.’

ಐವತ್ತೆಂಟು ಪದ ಆದಾವು. ಸಮ್ಮೇಳನದವರು ಕೊಡೋದು ಸಾಮಾನ್ಯವಾಗಿ 250 ಪದ. ಅಂದರೆ ಇನ್ನೂ ಮುಕ್ಕಾಲು ಪುಟ ವಾದಕ್ಕೆ ಉಳಿಯಿತು. ಎರಡನೆಯದರಲ್ಲಿ ನಾನು ಬುದ್ಧಿವಂತಿಕೆ ಏನೂ ತೋರಿಸಿಲ್ಲ. ಕಂಡದ್ದನ್ನು ಕಂಡದ್ದು ಅಂತ, ಊಹೆಯನ್ನು ಊಹೆ ಅಂತ ಬೇರೆ ಬೇರೆ ಇಟ್ಟಿದ್ದೇನೆ, ಅಷ್ಟೆ. ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ ಅದೇ ವರ್ಷದ ವರದಿಯಲ್ಲಿ ಪಾಠ ಕೊಟ್ಟರು. ಅವರು ಪಾಠ ಮುಂದಿಟ್ಟದ್ದರಿಂದಲೇ ಮುಂದಿನ ವಿದ್ವಾಂಸರು ಕಾಲದ ಬಗ್ಗೆ, ಕಾಕುಸ್ಥ ಯಾರು ಅನ್ನೋದರ ಬಗ್ಗೆ ಅವರ ಜೊತೆ ಜಗಳ ಆಡಲು ಸಾಧ್ಯವಾಯಿತು. ‘ಮಹತ್ವಪೂರ್ಣವಾಗಿದೆ’ ಅನ್ನೋ ಮಾತಿನ ಜೊತೆ ಯಾರೂ ಜಗಳ ಆಡಲಾರರು.

ಇಂಥ ಬರವಣಿಗೆಗೆ ಮಾದರಿ ಹುಡುಕಿ ದೂರ ಹೋಗಬೇಕಿಲ್ಲ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗ 1887ರಿಂದ ಹೊರತರುತ್ತಾ ಬಂದ ವಾರ್ಷಿಕ ವರದಿಗಳ ಅನುಬಂಧ ತೆಗೆದು ನೋಡಿ. ತಾಮ್ರಪಟಗಳಿಗೆ ಒಂದು ಪಟ್ಟಿ, ಕಲ್ಲಿನ ಶಾಸನಗಳಿಗೆ ಇನ್ನೊಂದು. ಕ್ರಮಸಂಖ್ಯೆ, ಊರು ಮತ್ತು ಕಲ್ಲಿರುವ ಜಾಗ, ರಾಜಮನೆತನ, ಅರಸ, ತೇದಿ, ಭಾಷೆ ಮತ್ತು ಲಿಪಿ, ಕೊನೆಗೆ ಷರಾ. ಆ ಷರಾ ಕಾಲಮ್ಮಿನ ಮೂರು ನಾಲ್ಕು ಸಾಲುಗಳೇ ನನ್ನ ಪಾಲಿಗೆ ಸಾರಾಂಶದ ಪಾಠಶಾಲೆ. ‘ಸವೆದಿದೆ’, ‘ಅಪೂರ್ಣ’, ‘ದಾನ ಕೊಟ್ಟಂತೆ ತೋರುತ್ತದೆ’ ಅಂತ ಬರೆಯಲು ಅವರು ನಾಚಿಕೊಳ್ಳಲಿಲ್ಲ. ಅಲ್ಲಿ ಬೆಳಕು ಚೆಲ್ಲುವ ಮಾತಿಲ್ಲ. ಆದರೂ ಇವತ್ತಿಗೂ ಸಂಶೋಧಕ ಮೊದಲು ಹೋಗೋದು ಅಲ್ಲಿಗೇ.

ನಾನು ಎಂಜಿನಿಯರ್. ಸೈಟಿನಲ್ಲಿ 150 ಮಿಲಿಮೀಟರಿನ ಕಾಂಕ್ರೀಟ್ ಕ್ಯೂಬು ಎರಕ ಹೊಯ್ದು 7 ದಿನಕ್ಕೊಮ್ಮೆ, 28 ದಿನಕ್ಕೊಮ್ಮೆ ಒತ್ತಿ ನೋಡಿ ರಿಪೋರ್ಟ್ ಕೊಡ್ತಾರೆ. ಅದರಲ್ಲಿ ‘ಕಾಂಕ್ರೀಟಿನ ಬಲದ ಮೇಲೆ ಬೆಳಕು ಚೆಲ್ಲಲಾಗುವುದು’ ಅಂತ ಬರೆದು ಕೊಟ್ಟರೆ ಬಿಲ್ ಪಾಸಾಗೋದಿಲ್ಲ. ಎಷ್ಟು ಬಂತು ಹೇಳ್ರಿ ಅಂತಾರೆ. ಶಾಸನದವರಿಗೂ ಕೇಳಬೇಕಾದ್ದು ಅದೇ ಪ್ರಶ್ನೆ: ಎಷ್ಟು ಸಾಲು ಓದಲು ಬಂತು?

ಮೂರು ಜಾಗದಲ್ಲಿ ನಮ್ಮ ಸಾರಾಂಶಗಳು ಮುಗ್ಗರಿಸುತ್ತವೆ.

ಮೊದಲನೆಯದು ಊರು. ನಮ್ಮ ಕಾಗವಾಡ ತಾಲೂಕಿನಲ್ಲಿ ಉಗಾರ ಖುರ್ದ ಇದೆ, ಉಗಾರ ಬುದ್ರುಕವೂ ಇದೆ. ಬರೇ ‘ಉಗಾರದಲ್ಲಿ ದೊರೆತ ಶಾಸನ’ ಅಂದರೆ ಯಾವ ಉಗಾರ? ಕಾಗವಾಡ ತಾಲೂಕು ಆದದ್ದೇ ಈಚೆಗೆ. ಹಳೆಯ ವರದಿಗಳಲ್ಲಿ ಈ ಊರುಗಳನ್ನು ಅಥಣಿ ತಾಲೂಕಿನಡಿ ಹುಡುಕಬೇಕು. ತೇರದಾಳದ ಪಾಡು ಇನ್ನೂ ದೊಡ್ಡದು. ಗೊಂಕನ ನೇಮಿನಾಥ ಬಸದಿಯ ಆ ಪ್ರಸಿದ್ಧ ಶಾಸನವನ್ನು ಕೆ.ಬಿ. ಪಾಠಕರು 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದಾಗ ಊರು ಸಾಂಗ್ಲಿ ಸಂಸ್ಥಾನದಲ್ಲಿತ್ತು. ಆಮೇಲೆ ವಿಜಾಪುರ ಜಿಲ್ಲೆ, 1997ರಿಂದ ಬಾಗಲಕೋಟೆ ಜಿಲ್ಲೆ. ಇದ್ದ ಕಲ್ಲು ಇದ್ದಲ್ಲೇ ಇದ್ದು ಮೂರು ವಿಳಾಸ ಕಂಡಿತು. ಈಗ ಕೈಯಲ್ಲಿರೋ ಫೋನಿನಿಂದಲೇ ಅಕ್ಷಾಂಶ ರೇಖಾಂಶ ತೆಗೆಯಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ 3ಡಿ ಸ್ಕ್ಯಾನ್ ಮಾಡಿ ಸಾರ್ವಜನಿಕರ ಮುಂದಿಡುತ್ತಿರುವ ಈ ಕಾಲದಲ್ಲಿ ಸಾರಾಂಶದೊಳಗೆ ಒಂದು ಸಾಲಿನ ಅಕ್ಷಾಂಶ ರೇಖಾಂಶ ಕೇಳೋದು ಅತಿಯಾಸೆ ಅಲ್ಲ.

ಎರಡನೆಯದು ತೇದಿ. ‘ಶಕ 1045ರ ಶಾಸನ’ ಅಂತ ಬರೆದು ಪಕ್ಕದಲ್ಲಿ ಕ್ರಿ.ಶ. 1123 ಅಂತ ಹಾಕಿ ಮುಂದೆ ಹೋಗುತ್ತಾರೆ. 78 ಕೂಡಿಸಿದರೆ ಮುಗೀತು ಅನ್ನೋ ಲೆಕ್ಕ. ಆದರೆ ಶಾಸನದಲ್ಲಿ ಸಂವತ್ಸರದ ಹೆಸರು ಯಾವುದು? ಶೋಭಕೃತ್ ಇದ್ದರೆ 1045 ಗತ ಶಕ, ಅದು 1123-24. ಶುಭಕೃತ್ ಇದ್ದರೆ 1045 ವರ್ತಮಾನ ಶಕ, ಆಗ 1122-23. ಬರೇ ಒಂದು ಅಕ್ಷರದ ಅಂತರ, ಇಡೀ ಒಂದು ವರ್ಷದ ವ್ಯತ್ಯಾಸ. ಸವೆದ ಕಲ್ಲಿನಲ್ಲಿ ಶು, ಶೋ ಬೇರೆ ಮಾಡೋದು ಎಷ್ಟು ಕಷ್ಟ ಅಂತ ಅಚ್ಚು ತೆಗೆದವರಿಗೆಲ್ಲ ಗೊತ್ತು. ಆದ್ದರಿಂದ ಸಾರಾಂಶದಲ್ಲಿ ಶಕ, ಸಂವತ್ಸರ, ಮಾಸ, ತಿಥಿ, ವಾರ ಇದ್ದಷ್ಟನ್ನೂ ಇದ್ದಂತೆ ಕೊಡಬೇಕು. ಕ್ರಿಸ್ತಶಕಕ್ಕೆ ತಿರುಗಿಸುವ ಕೆಲಸ ಆಮೇಲಿನದು.

ಮೂರನೆಯದು ‘ಅಪ್ರಕಟಿತ’ ಅನ್ನೋ ಮಾತು. ನಮ್ಮ ಭಾಗದ ಒಂದು ಶಾಸನವನ್ನು ಅಪ್ರಕಟಿತ ಅನ್ನಬೇಕಾದರೆ ಎಷ್ಟು ಕಡೆ ನೋಡಬೇಕು? ಎಪಿಗ್ರಾಫಿಯಾ ಇಂಡಿಕಾ, ಇಂಡಿಯನ್ ಆಂಟಿಕ್ವರಿ, ರಟ್ಟರ ಶಾಸನಗಳನ್ನು ಫ್ಲೀಟ್ ಪ್ರಕಟಿಸಿದ ಮುಂಬಯಿಯ ಏಷಿಯಾಟಿಕ್ ಸೊಸೈಟಿ ಶಾಖೆಯ ಪತ್ರಿಕೆಯ 10ನೇ ಸಂಪುಟ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 11, 15, 18, 20ನೇ ಸಂಪುಟಗಳು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್, ವಾರ್ಷಿಕ ವರದಿಗಳು. ಇಷ್ಟಕ್ಕೇ ಮುಗಿಯೋದಿಲ್ಲ. ನಾವು ಗಡಿಯಲ್ಲಿರೋರು. ಮಿರಜ, ಕೊಲ್ಲಾಪುರದ ಕಡೆಯ ಶಿಲಾಹಾರರ ಕನ್ನಡ ಶಾಸನಗಳು ವಾ.ವಿ. ಮಿರಾಶಿಯವರ 1977ರ ಸಂಪುಟದಲ್ಲಿವೆ. ಸೊಲ್ಲಾಪುರ ಜಿಲ್ಲೆಯವು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಸೇರಿ 1988ರಲ್ಲಿ ತಂದ ಪುಸ್ತಕದಲ್ಲಿವೆ. ಹೊಳೆಯ ಆಚೆ ಮರಾಠಿಯಲ್ಲಿ ಬರೆಯುವವರು ಈಚಿನ ಕನ್ನಡ ಲೇಖನ ನೋಡೋದಿಲ್ಲ, ಈಚಿನವರು ಆಚಿನದು ನೋಡೋದಿಲ್ಲ. ಹೀಗಾಗಿ ಒಂದೇ ಕಲ್ಲು ಎರಡು ಭಾಷೆಗಳಲ್ಲಿ ಎರಡೆರಡು ಸಲ ‘ಹೊಸದಾಗಿ ಪತ್ತೆ’ಯಾಗುತ್ತದೆ. ‘ಅಪ್ರಕಟಿತ’ ಅಂತ ಬರೆಯುವ ಬದಲು ‘ಇಂತಿಂಥ ಸಂಪುಟಗಳಲ್ಲಿ ನೋಡಿದೆ, ಸಿಗಲಿಲ್ಲ’ ಅಂತ ಬರೆದರೆ ಪ್ರಾಮಾಣಿಕವೂ ಆಯಿತು, ಮುಂದಿನವರಿಗೆ ದಾರಿಯೂ ಆಯಿತು.

ಇದೆಲ್ಲ ಗೊತ್ತಿಲ್ಲದೆ ಹೀಗೆ ಬರೆಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ಕಾರಣ ಬೇರೆ ಇದೆ. 2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿ ತಂದಿತು. ಸಮ್ಮೇಳನದಲ್ಲಿ ಪ್ರಬಂಧ ಓದಿದರೆ ಅಂಕ, ಅಂತರರಾಷ್ಟ್ರೀಯ ಅಂದರೆ ಇನ್ನೂ ಹೆಚ್ಚು ಅಂಕ. ಆಗಿನಿಂದ ತಾಲೂಕು ಕೇಂದ್ರದ ಕಾಲೇಜಿನ ಸಂಕಿರಣಕ್ಕೂ ‘ಅಂತರರಾಷ್ಟ್ರೀಯ’ ಅನ್ನೋ ಬ್ಯಾನರ್ ಬಂತು. ಬೇಕಾದದ್ದು ಪ್ರಮಾಣಪತ್ರ, ಸಾರಾಂಶ ಅದಕ್ಕೆ ಅರ್ಜಿ. ಅರ್ಜಿಗೆ ಯಾವ ಭಾಷೆ ಸಾಕೋ ಆ ಭಾಷೆ ಬಂತು. ನಿಯಮಗಳು ಆಮೇಲೆ ಬದಲಾದವು, ಅಭ್ಯಾಸ ಉಳಿಯಿತು.

ನನ್ನಂಥ ಹೊರಗಿನವರಿಗೆ ಅಂಕ ಬೇಡ. ನಮ್ಮ ತೊಡಕು ಇನ್ನೊಂದು. ಒಂದು ಸಮ್ಮೇಳನಕ್ಕೆ ಕಳಿಸಿದ ನನ್ನ ಸಾರಾಂಶ ‘ಸಂಸ್ಥೆ’ಯ ಕಾಲಂ ಖಾಲಿ ಇದೆ ಅನ್ನೋ ಒಂದೇ ಕಾರಣಕ್ಕೆ ವಾಪಸ್ ಬಂತು. ಓದಿ ತಿರಸ್ಕರಿಸಿದ್ದರೆ ಬೇಸರ ಇರಲಿಲ್ಲ. ಈ ಶಾಸ್ತ್ರ ಕಟ್ಟಿದವರ ಕಾಲಂ ತುಂಬಿ ನೋಡಿ: 1837ರಲ್ಲಿ ಬ್ರಾಹ್ಮಿ ಓದಿದ ಪ್ರಿನ್ಸೆಪ್ ಟಂಕಸಾಲೆಯ ಅಧಿಕಾರಿ. ಮೆಕೆಂಜಿ ಸೈನ್ಯದ ಎಂಜಿನಿಯರ್. ಫ್ಲೀಟ್ ಕಂದಾಯದ ಸಾಹೇಬ. ರೈಸ್ ಶಿಕ್ಷಣ ಇಲಾಖೆಯ ನಿರ್ದೇಶಕ. ಅವರಿಗೆ ಅಧಿಕಾರದ ಬಲ ಇತ್ತು ಅನ್ನೋದು ನಿಜ. ಅದು ಇಲ್ಲದ ಆನಂದ ಕುಂಭಾರ ಯಾವ ವಿಶ್ವವಿದ್ಯಾಲಯದ ಹುದ್ದೆಯೂ ಇಲ್ಲದೆ ಸೊಲ್ಲಾಪುರದ ಹಳ್ಳಿಗಳನ್ನು ಸುತ್ತಿದರು. ಆ ಕೆಲಸದ ಬೆಲೆ ತಿಳಿದು ಜೊತೆಗೂಡಿದ ರಿತ್ತಿಯವರು ವಿಶ್ವವಿದ್ಯಾಲಯದವರೇ. ಒಳಗಿನವರು ಹೊರಗಿನವರು ಹಾಗೆ ಸೇರಿದಾಗಲೇ ಪುಸ್ತಕ ಆದದ್ದು.

ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ‘ಸಾರಾಂಶದಲ್ಲೇ ಎಲ್ಲ ಹೇಳಿದರೆ ಯಾರಾದರೂ ಕದೀತಾರ್ರಿ’ ಅಂತ ಹುಡುಗರು ಹೇಳುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ. ಅಂಥದ್ದು ನಡೆದದ್ದನ್ನು ಕೇಳಿದ್ದೇವೆ. ಆದರೆ ಯೋಚಿಸಿ. ಊರು, ಜಾಗ, ಸಾಲುಗಳ ಸಂಖ್ಯೆ, ತೇದಿ, ದಾನಿಯ ಹೆಸರು ಇಷ್ಟೂ ನಿಮ್ಮ ಹೆಸರಿನ ಕೆಳಗೆ ಅಚ್ಚಾದ ದಿನವೇ ಆ ಓದು ನಿಮ್ಮದು ಅನ್ನೋದಕ್ಕೆ ದಾಖಲೆ ಆಯಿತು. ‘ಬೆಳಕು ಚೆಲ್ಲಲಾಗುವುದು’ ಅಂತ ಮುಚ್ಚಿಟ್ಟರೆ ಕದ್ದವನ ಮುಂದೆ ತೋರಿಸಲು ನಿಮ್ಮ ಕೈಯಲ್ಲಿ ಏನಿರುತ್ತದೆ? ಜಾಗ ಹೇಳಿದರೆ ನಿಧಿಗಳ್ಳರು ಅಗೆಯುತ್ತಾರೆ ಅನ್ನೋ ಭಯ ಮಾತ್ರ ಬೇರೆ ಮಾತು. ಅಂಥ ಕಡೆ ಅಕ್ಷಾಂಶ ರೇಖಾಂಶವನ್ನು ಸಂಘಟಕರಿಗಷ್ಟೇ ಕೊಟ್ಟು ಅಚ್ಚಿನಲ್ಲಿ ಬಿಡಬಹುದು.

ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟೇ. ಅರ್ಜಿ ನಮೂನೆಯಲ್ಲಿ ‘ಸಂಸ್ಥೆ’ಗಿಂತ ಮೇಲೆ ಏಳು ಕಾಲಂ ಇಡಿ: ಊರು ಮತ್ತು ತಾಲೂಕು, ಕಲ್ಲಿರುವ ಜಾಗ, ಅಳತೆ, ಸಾಲುಗಳ ಸಂಖ್ಯೆ ಮತ್ತು ಅದರಲ್ಲಿ ಓದಲು ಬಂದದ್ದು, ತೇದಿ ಇದ್ದಂತೆ, ಯಾವ ಯಾವ ಸಂಪುಟ ನೋಡಿದಿರಿ, ಫೋಟೋ ಅಥವಾ ಅಚ್ಚು ಇದೆಯೇ. ಇವು ತುಂಬಿದ ಸಾರಾಂಶವನ್ನು ಬರೆದವರು ಯಾರೇ ಇರಲಿ, ಓದಿ ನೋಡಿ. ತುಂಬದ್ದನ್ನು ಬರೆದವರು ಯಾರೇ ಇರಲಿ, ವಾಪಸ್ ಕಳಿಸಿ. ಮತ್ತು ಸಾರಾಂಶ ಪುಸ್ತಿಕೆಗಳನ್ನು ಸಮ್ಮೇಳನ ಮುಗಿದ ಮೇಲೆ ರದ್ದಿಗೆ ಹಾಕಬೇಡಿ, ಪಿಡಿಎಫ್ ಮಾಡಿ ಎಲ್ಲರಿಗೂ ಸಿಗುವಂತೆ ಇಡಿ.

ಓದುಗರಲ್ಲಿ ಈ ಸಲ ಸಾರಾಂಶ ಕಳಿಸುವವರು ಯಾರಾದರೂ ಇದ್ದರೆ, ಕಳಿಸುವ ಮೊದಲು ಆ ಊರಿನ ಹೆಸರು ಬದಲಿಸುವ ಪರೀಕ್ಷೆ ಒಮ್ಮೆ ಮಾಡಿ ನೋಡ್ರಿ. ಕಲ್ಲಿನ ಹತ್ತಿರ ಇನ್ನೊಮ್ಮೆ ಹೋಗಿ ಸಾಲು ಎಣಿಸಿ ಬರಬೇಕಾಗಬಹುದು. ಕೊನೆಯ ದಿನಾಂಕಕ್ಕೆ ಇನ್ನೂ ಟೈಮ್ ಇದ್ದರೆ ಹೋಗಿ ಬನ್ನಿ.